ಎದುರಂಗಡಿಯ ಬಾಗಿಲು

ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕಿ ಐರ್ಲೆಂಡಿನ ಒಂದು ಸಣ್ಣ ಊರಿನಿಂದ ಹರೆಯದಲ್ಲೇ ಬಂದವರು. ನಾವು ಅವರನ್ನು ಆಂಟಿ ಎನ್ನುತ್ತಿದ್ದೆವು. ನೆಂಟರಲ್ಲದವರನ್ನು ಹಾಗೆ ಕರೆದರೆ ಇಲ್ಲಿನವರಿಗೆ ಇಷ್ಟವಾಗುವುದಿಲ್ಲ ಎಂದು ಕೇಳಿದ್ದೆ. ಇವರು ಮಾತ್ರ ಮೊದಲ ದಿನವೇ ಒಪ್ಪಿಕೊಂಡುಬಿಟ್ಟರು.

ಎರಡು ಸಾವಿರದ ಇಸವಿಯ ಆಚೀಚೆ ಅವರ ಊರಿನವರು ಹಳಬರ ನೆನಪುಗಳನ್ನು ರೆಕಾರ್ಡ್ ಮಾಡಿ ಸಿಡಿಗಳಲ್ಲಿ ಹಾಕಿದರು. ಆಂಟಿ ಒಂದು ಸೆಟ್ ತರಿಸಿಕೊಂಡರು. ಅವರ ಮನೆಯಲ್ಲಿ ಸಿಡಿ ಪ್ಲೇಯರ್ ಇರಲಿಲ್ಲ, ನಮ್ಮಲ್ಲಿತ್ತು. ಹಾಗಾಗಿ ನಾನು ಕಂಡು ಕೇಳದ ಊರಿನ ಚರಿತ್ರೆಗೆ ವಾರಗಟ್ಟಲೆ ಕಿವಿ ಕೊಡಬೇಕಾಯಿತು. ಆ ಇಂಗ್ಲಿಷ್ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಆಂಟಿ ಆಗಾಗ ನಿಲ್ಲಿಸಿ ಇಂಗ್ಲಿಷನ್ನು ಇಂಗ್ಲಿಷಿಗೇ ಅನುವಾದ ಮಾಡಿ ಹೇಳುತ್ತಿದ್ದರು. ದನದ ಸಂತೆ ಯಾವ ಬೀದಿಯಲ್ಲಿ ಸೇರುತ್ತಿತ್ತು, ಹಳೆಯ ಸೇತುವೆ ಯಾವ ಮಳೆಗೆ ಬಿತ್ತು, ಬೇಕರಿಯವನು ಯಾರ ಮೇಲೆ ಮುನಿಸಿಕೊಂಡು ಊರು ಬಿಟ್ಟ. ಊರಿನ ಚರಿತ್ರೆ ಎಂದರೆ ಎಲ್ಲ ಕಡೆಯೂ ಇಷ್ಟೇ ಇರಬೇಕು, ಯಾರ ಅಂಗಡಿ ಎಲ್ಲಿತ್ತು ಎಂದು ಮುದುಕರು ಮಾಡುವ ವಾದ. ನಾನು ಒಗೆದ ಬಟ್ಟೆ ಮಡಚುತ್ತ ಹೂಂಗುಟ್ಟುತ್ತಿದ್ದೆ.

ಆಂಟಿ ಹುಡುಕುತ್ತಿದ್ದದ್ದು ಬೇರೆಯದನ್ನು ಎಂದು ನಿಧಾನವಾಗಿ ತಿಳಿಯಿತು. ಅವರ ಊರಿನಲ್ಲಿ ಹೆಣ ಪೇಟೆಬೀದಿಯಲ್ಲಿ ಹೊರಟರೆ ಅದು ದಾಟುವವರೆಗೆ ಪ್ರತಿಯೊಂದು ಅಂಗಡಿಯೂ ಬಾಗಿಲು ಮುಚ್ಚುವುದು ಪದ್ಧತಿ. ಆಂಟಿಯ ತಂದೆ ಚಪ್ಪಲಿ ಹೊಲಿಯುವವರು. ಎದುರಿಗೆ ಮಾಂಸದ ಅಂಗಡಿ. ನೀರು ಹೋಗುವ ಮೋರಿಯ ವಿಷಯಕ್ಕೆ ಇಬ್ಬರ ನಡುವೆ ವರ್ಷಗಳಿಂದ ಮಾತಿರಲಿಲ್ಲ. ತಂದೆ ತೀರಿಕೊಂಡಾಗ ಆಂಟಿ ಶಿಕಾಗೋದಲ್ಲಿದ್ದರು, ಹೋಗಲಾಗಲಿಲ್ಲ. ಆಮೇಲೆ ಊರಿನಿಂದ ಬಂದವರೊಬ್ಬರು, ಬೀದಿಯೆಲ್ಲ ಮುಚ್ಚಿತ್ತು, ಎದುರಂಗಡಿಯ ಬಾಗಿಲು ಮಾತ್ರ ಹಾರುಹೊಡೆದಿತ್ತು ಎಂದರಂತೆ. ಆ ಅಂಗಡಿಯವನ ಮಗಳೂ ಮದುವೆಯಾಗಿ ಇಲ್ಲಿಗೇ ಬಂದಿದ್ದಳು, ಹೋಗುತ್ತಿದ್ದದ್ದು ಆಂಟಿ ಹೋಗುವ ಚರ್ಚಿಗೇ. ಆಂಟಿ ಅವಳ ಕಡೆ ತಿರುಗಿಯೂ ನೋಡಿರಲಿಲ್ಲ. ಅದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಈಗ ಆ ದಿನವನ್ನು ಕಣ್ಣಾರೆ ಕಂಡ ಯಾರಾದರೊಬ್ಬರು ಸಿಡಿಯಲ್ಲಿ ಅದನ್ನು ಹೇಳಬೇಕು, ಊರಿಗೆಲ್ಲ ಗೊತ್ತಾಗಬೇಕು ಎಂಬುದು ಅವರ ಆಸೆ.

ನನ್ನ ಗಂಡ ಗದಗ ಕಡೆಯವರು. ಅವರಿಗೆ ಇದನ್ನು ಹೇಳಿದೆ.

"ನಮ್ಮ ಕಡೀಗಿ ಜನಾಜಾ ಹೊಂಟ್ರ ಅಂಗಡ್ಯಾಗ ಕುಂತವ್ರು ಎದ್ದು ಬಂದು ಹೆಗಲು ಕೊಡ್ತಾರ," ಎಂದರು. "ಜಗಳ ಇದ್ದವ್ರು ಮೊದಲ ಬರ್ತಾರ."

ಮರುದಿನ ಅದನ್ನು ಆಂಟಿಗೆ ಹೇಳಿದರೆ, "ನಿಮ್ಮೂರಿನವರು ಒಳ್ಳೆಯವರಿರಬೇಕು ಬಿಡು," ಎಂದು ತಳ್ಳಿಹಾಕಿದರು.

ಕೊನೆಯ ಸಿಡಿಯಲ್ಲಿ ಪೋಸ್ಟಾಫೀಸಿನಲ್ಲಿ ಕೆಲಸ ಮಾಡಿದ್ದ ಹೆಂಗಸೊಬ್ಬಳು ನಗುನಗುತ್ತ ಏನೋ ಹೇಳುತ್ತಿದ್ದಳು. ಆಂಟಿ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. ಮತ್ತೆ ಹಾಕು ಎಂದರು. ಹಾಕಿದೆ. ಈ ಸಲ ಅನುವಾದ ಬರಲಿಲ್ಲ, ನಾನೇ ಕೇಳಬೇಕಾಯಿತು.

ಚಪ್ಪಲಿ ಹೊಲಿಯುವವರ ಹೆಣ ಬಂದಾಗ ಎದುರಂಗಡಿಯವನು ಮಾಂಸ ಕತ್ತರಿಸುತ್ತಿದ್ದನಂತೆ. ಕತ್ತಿ ಅಲ್ಲೇ ಬಿಟ್ಟು, ಏಪ್ರನ್ನಿನಲ್ಲೇ ಬೀದಿಗಿಳಿದು, ಹೊತ್ತಿದ್ದವರಲ್ಲಿ ಒಬ್ಬನನ್ನು ಸರಿಸಿ ತಾನು ಹೆಗಲು ಕೊಟ್ಟನಂತೆ. ಸ್ಮಶಾನದವರೆಗೂ ಬಿಡಲಿಲ್ಲವಂತೆ. ಬಾಗಿಲು ಮುಚ್ಚಲು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬೀದಿನಾಯಿಗಳು ಒಳಗೆ ನುಗ್ಗಿ ಹಬ್ಬ ಮಾಡಿಬಿಟ್ಟವು. ಊರು ನೆನಪಿಟ್ಟುಕೊಂಡದ್ದು ಆ ನಾಯಿಗಳನ್ನು.

ನನಗೆ ನಗು ಬಂತು. ಆಂಟಿ ನಗಲಿಲ್ಲ.

"ಆ ಅಂಗಡಿಯವರ ಮಗಳ ಮನೆಗೆ ಹೋಗೋಣ್ವಾ ಆಂಟಿ? ನಾನು ಡ್ರೈವ್ ಮಾಡ್ತೀನಿ," ಎಂದೆ.

"ಹೋದ ಚಳಿಗಾಲದಲ್ಲೇ ಅವಳು ತೀರಿಕೊಂಡಳು," ಎಂದರು. "ಶವದ ಕಾರು ಈ ರಸ್ತೇಲೇ ಹೋಯ್ತು. ಹಿಂದೆ ಬಂದ ಕಾರುಗಳೆಲ್ಲ ದೀಪ ಹಾಕಿಕೊಂಡಿದ್ದವು. ನಾನು ಎದ್ದು ಹೋಗಿ ಬೇಕಂತಲೇ ಮುಂಬಾಗಿಲು ಪೂರ್ತಿ ತೆಗೆದಿಟ್ಟೆ. ಹಿಮ ಒಳಗೆ ಬರ್ತಾ ಇತ್ತು. ಕೊನೇ ಕಾರು ಹೋಗೋವರೆಗೂ ಮುಚ್ಚಲಿಲ್ಲ."