ಬಡಿದು ನೋಡುವವರು

ಮನೆ ಗಟ್ಟಿಯಿದೆಯೆಂದು ಸರ್ಟಿಫಿಕೇಟ್ ಕೊಡುವುದು ತೀರ್ಥಹಳ್ಳಿಯ ತಪಾಸಣೆಯವರೊಬ್ಬರ ಕೆಲಸ. ಅವರು ಗೋಡೆಯನ್ನು ಬೆರಳಗೆಣ್ಣಿನಿಂದ ಬಡಿದು, ಕಿವಿ ಆನಿಸಿ ಕೇಳುತ್ತಿದ್ದರು. ಹೋಟೆಲಿನ ಬೆಂಚನ್ನೂ ಬಡಿದೇ ಕೂರುತ್ತಿದ್ದರು. ನಾವು ನಕ್ಕರೆ, "ಬಡ್ದು ನೋಡ್ದೆ ಎಂತ ಹೇಳದು ಮಾರಾಯ್ರೆ?" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ಹೊಸನಗರದಲ್ಲಿ ಅದೇ ಕೆಲಸದಲ್ಲಿದ್ದೆ. ಲೈಸೆನ್ಸ್ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಸಾಗರದಲ್ಲಿ ತರಬೇತಿ ಮುಗಿಸಬೇಕಿತ್ತು. ಒಂದು ವರ್ಷ ತೀರ್ಥಹಳ್ಳಿಯವರು ತರಬೇತಿ ಕಟ್ಟಡದ ನಡುಗಂಬವನ್ನೇ ಬಡಿದರು. ಒಳಗೆ ಟೊಳ್ಳು. ಇಲ್ಲಿ ಜನ ಕೂರಬಾರದೆಂದು ವರದಿ ಕೊಟ್ಟರು, ಕಟ್ಟಡಕ್ಕೆ ಬೀಗ ಬಿತ್ತು. ಕಟ್ಟಡವಿಲ್ಲದೆ ತರಬೇತಿ ನಡೆಯಲಿಲ್ಲ. ತರಬೇತಿಯಿಲ್ಲದೆ ನಮ್ಮೆಲ್ಲರ ಲೈಸೆನ್ಸ್ ಹೋಯಿತು. ಆಗ ಮೇಲಧಿಕಾರಿಗೆ ದಾರಿ ಹೊಳೆಯಿತು.

"ಈಗ ಅವ್ರಿಗೆ ಲೈಸೆನ್ಸೇ ಇಲ್ವಲ್ರೀ, ಅವ್ರ ವರದಿನೂ ನಡೆಯಲ್ಲ. ಅಲ್ಲಿಗೆ ಕಂಬ ಗಟ್ಟಿ ಅಂತಾಯ್ತು. ಬೀಗ ತೆಗೀರಿ."

ಅದೇ ಕಂಬದ ಸುತ್ತ ಕೂತು ನಾವು ಬಿರುಕು ಗುರುತಿಸುವ ಪಾಠ ಕೇಳಿದೆವು. ಯಾರೂ ಕತ್ತೆತ್ತಲಿಲ್ಲ. ತೀರ್ಥಹಳ್ಳಿಯವರು ಮಾತ್ರ ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟುಕೊಂಡೇ ಕೂತಿದ್ದರು.

ಪಾಠ ಮುಗಿದು, ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಲೈಸೆನ್ಸ್ ಕೊಡತೊಡಗಿದರು. ತೀರ್ಥಹಳ್ಳಿಯವರ ಸರದಿ ಬಂತು. ಹೊಸ ಲೈಸೆನ್ಸನ್ನು ಜೇಬಿಗಿಟ್ಟು ನೇರ ಕಂಬದ ಬಳಿ ಹೋಗಿ ಬಡಿದರು, ಕಿವಿಯಿಟ್ಟರು.

"ಈಗ ನನ್ ಮಾತು ನಡೀತದೆ. ಎಲ್ರೂ ಹೊರಗೆ ನಡೀರಿ ಮಾರಾಯ್ರೆ."

ಮೊದಲು ಹೊರಗೋಡಿದವರು ಅಧಿಕಾರಿಯೇ. ಕಟ್ಟಡಕ್ಕೆ ಮತ್ತೆ ಬೀಗ ಬಿತ್ತು. ತೀರ್ಥಹಳ್ಳಿಯವರ ನಂತರ ಲೈಸೆನ್ಸಿಗೆ ಕರೆಯಬೇಕಾಗಿದ್ದ ಹೆಸರು ನನ್ನದು.