ಬ್ಯಾಟರಿಯಿಂದ ಒಂದು ಗೇಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾರಿ ನಿಲ್ದಾಣದ ಮೂಲೆಯ ತಗಡಿನ ಶೆಡ್ಡಿನ ಮುಂದೆ, ಹತ್ತು ಚಕ್ರದ ಲಾರಿಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿವೆ. ಅವು ಫ್ಯೂಸಕ್ಕನವು. ಚಾಲಕರು ಇಟ್ಟ ಹೆಸರದು. ಹೆತ್ತವರು ಇಟ್ಟದ್ದನ್ನು ಇಲ್ಲಿ ಯಾರೂ ಕೇಳಿಲ್ಲ.

"ಬ್ಯಾಟರಿ ಬಿಚ್ಚಿಟ್ಟಿದ್ದೀನಿ, ಯಾರೂ ಮುಟ್ಟಬೇಡಿ!" ಎಂದು ಕೆಳಗಿನಿಂದಲೇ ಗದರುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಲಾರಿಗಳಿಗೆ ಹೆಚ್ಚುವರಿ ದೀಪ ಹಾಕುತ್ತಿರುವ ಇವರು ದಿನಕ್ಕೆ ಎರಡಕ್ಕಿಂತ ಹೆಚ್ಚು ಲಾರಿ ಒಪ್ಪಿಕೊಳ್ಳುವುದಿಲ್ಲ. ಪಕ್ಕದ ಶೆಡ್ಡಿನವರು ಅಷ್ಟರಲ್ಲಿ ಆರು ಮುಗಿಸಿರುತ್ತಾರೆ. ವೈರು ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಬಳೆ, ಗೇಣಿಗೊಂದು ಕಟ್ಟು, ಸ್ವಿಚ್ಚಿನ ಮೇಲೆ ಕರೆಂಟಿನ ಭಾರ ಬೀಳದಂತೆ ರಿಲೇ. ಎಣ್ಣೆ ಮೆತ್ತಿದ ಆ ಕತ್ತಲಲ್ಲಿ ಬೆರಳ ತುದಿಯಿಂದಲೇ ಚೂಪಾದ ಅಂಚುಗಳನ್ನು ಹುಡುಕಿ ಅರದಿಂದ ಉಜ್ಜುವುದನ್ನು ನೋಡಿದರೆ ಮೈ ಜುಂ ಎನ್ನುತ್ತದೆ.

ಈ ಜಾಗ್ರತೆ ಸುಮ್ಮನೆ ಬಂದದ್ದಲ್ಲ. ಒಂಬತ್ತು ವರ್ಷದ ಹಿಂದೆ ತಮ್ಮನ ಲಾರಿಗೆ ದೀಪ ಹಾಕುವಾಗ, ಬದಲಾಯಿಸಲು ಸುಲಭವಾಗಲಿ ಎಂದು ಫ್ಯೂಸನ್ನು ದೀಪದ ಪಕ್ಕದಲ್ಲಿಟ್ಟರು. ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲೇ ಇರಲಿಲ್ಲ. ಅದು ಚಾಸಿಯ ಕಬ್ಬಿಣಕ್ಕೆ ಉಜ್ಜಿ ಸವೆದು ಹೊತ್ತಿಕೊಂಡಿತು. ತಮ್ಮ ಜಿಗಿದು ಪಾರಾದ, ಕ್ಯಾಬಿನ್ ಬೂದಿಯಾಯಿತು.

"ಅವನು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ನಿದ್ದೆನಾದ್ರೂ ಬರ್ತಿತ್ತು. ಆದ್ರೆ ಆಮೇಲೆ ಲಾರಿಗೆ ಒಂದು ದೀಪಾನೂ ಹಾಕಿಸಲಿಲ್ಲ" ಎನ್ನುತ್ತಾರೆ.

ಇಂದು ಬಂದಿರುವುದು ಆ ತಮ್ಮನೇ. ಹೊಸ ಬಾಡಿಗೆ ಮಂಜು ಮುಸುಕುವ ಬೆಟ್ಟದ ದಾರಿಯದು; ಇದ್ದ ದೀಪ ಸಾಲದು.

ಫ್ಯೂಸು ಈಗ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಕೂತಿದೆ. ಅಕ್ಕ ದೀಪ ಹತ್ತಿಸಿ ಹದಿನೈದು ನಿಮಿಷ ಕಾಯುತ್ತಾರೆ. ಆಮೇಲೆ ಉದ್ದಕ್ಕೂ ವೈರನ್ನು ಅಂಗೈಯಿಂದ ಸವರುತ್ತಾರೆ. ಎಲ್ಲಾದರೂ ಬೆಚ್ಚಗಿದ್ದರೆ ಎಲ್ಲ ಬಿಚ್ಚಿ ಮೊದಲಿಂದ ಶುರು. ಯಾವ ಚಾಲಕ ಗೋಗರೆದರೂ ಜಗ್ಗುವವರಲ್ಲ.

"ಹೊತ್ತಾಯ್ತು ಕಣಕ್ಕಾ. ನೀನು ಮುಟ್ಟಿದ್ಯಲ್ಲ, ಸಾಕು ಬಿಡು."

"ಆತುರಗಾರನಿಗೆ ಬುದ್ಧಿ ಮಟ್ಟ. ನೀನೂ ಮುಟ್ಟಿ ನೋಡು."

ತಮ್ಮ ಹಿಂಜರಿಯುತ್ತಾನೆ. ಮೊದಲು ಒಂದು ಬೆರಳು, ಆಮೇಲೆ ಇಡೀ ಅಂಗೈ. ಬ್ಯಾಟರಿಯಿಂದ ದೀಪದವರೆಗೂ ನಿಧಾನವಾಗಿ ಸವರುತ್ತ ಹೋಗುತ್ತಾನೆ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಾರೆ.

"ತಣ್ಣಗಿದೆ" ಎನ್ನುತ್ತಾನೆ.

ಲಾರಿ ಹೊರಟ ಮೇಲೆ, ಇನ್ನೇನು ಆಸೆ ಎಂದು ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾರೆ.

"ನಾಳೆ ಅವನ ಫೋನ್ ಬರದಿದ್ರೆ ಸಾಕು. ದೀಪ ಚೆನ್ನಾಗಿದೆ ಅಂತ ಹೇಳೋಕೆ ಯಾರೂ ಫೋನ್ ಮಾಡಲ್ಲ."