ತುಕಾರಾಮನ ಮಾತಿಗೆ ಕಂಬ ಹತ್ತುವವರು

ಸೇಡು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರಿಗೆ ಒಡಹುಟ್ಟಿದವನ ಹೆಣವನ್ನು ಕಂಬದಿಂದ ಇಳಿಸಿ ಗೊತ್ತಿರುವುದಿಲ್ಲ. ಕಮಲಾಪುರದ ಕಾಶಿರಾಯನಿಗೆ ಗೊತ್ತಿತ್ತು. ಆಗ ಅವನಿಗೆ ಹದಿನೇಳು. ಅಣ್ಣ ಖಂಡೆಪ್ಪ ಗುತ್ತಿಗೆದಾರನೊಬ್ಬನ ಲೈನ್‌ಮನ್. ಕರೆಂಟು ತೆಗೆಸಿ, ಸಬ್‌ಸ್ಟೇಷನ್ನಿನಿಂದ 'ಲೈನ್ ಕ್ಲಿಯರ್' ಚೀಟಿ ತಂದ ಮೇಲೆಯೇ ಆಳನ್ನು ಕಂಬ ಹತ್ತಿಸಬೇಕಾದವನು ಸೂಪರ್‌ವೈಜರ್ ತುಕಾರಾಮ. ಆ ದಿನ ಅವನು ಬಿಸಿಲಿಗೆ ಬೇಸತ್ತು, ಪಕ್ಕದ ಕೆಂಬಾಳೆ ತೋಟದ ನೆರಳು ಬಿಟ್ಟು ಏಳಲೇ ಇಲ್ಲ. "ಲೈನ್ ಕ್ಲಿಯರ್ ಆಗ್ಯದ, ಹತ್ತೋ" ಅಂದುಬಿಟ್ಟ. ಖಂಡೆಪ್ಪ ನಂಬಿ ಹತ್ತಿದ, ಮೇಲೆಯೇ ಸುಟ್ಟುಹೋದ. ಬುತ್ತಿ ತಂದಿದ್ದ ಕಾಶಿರಾಯ ಎಲ್ಲವನ್ನೂ ಕಣ್ಣಾರೆ ಕಂಡ.

ಪೊಲೀಸರ ಮುಂದೆ ತುಕಾರಾಮ ಬರೆಸಿದ್ದೇ ಬೇರೆ: ಖಂಡೆಪ್ಪ ಕುಡಿದಿದ್ದ, ಹೇಳದೆ ಕೇಳದೆ ಹತ್ತಿದ. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಮನುಷ್ಯನ ಮೇಲೆ ಈ ಮಾತು! ಹುಡುಗನ ಸಾಕ್ಷಿಯನ್ನು ಯಾರು ಕೇಳಬೇಕು? ತಾಯಿ ಮಾಳಮ್ಮ ಸಾಯುವತನಕ ಊರಿನ ಬಾಯಲ್ಲಿ ಕುಡುಕನ ತಾಯಿಯಾಗಿಯೇ ಉಳಿದಳು.

ಕಾಶಿರಾಯ ಐಟಿಐ ಮುಗಿಸಿ ತಾನೂ ಕಂಬ ಹತ್ತಿದ. ಹದಿನೆಂಟು ವರ್ಷ ಹಲ್ಲು ಕಚ್ಚಿಕೊಂಡು ದುಡಿದು, ಗಾಳಿಯಂತ್ರದಿಂದ ಕರೆಂಟು ಮಾಡುವ ಕಂಪನಿಯೊಂದರಲ್ಲಿ ಆಳುಗಳನ್ನು ಆರಿಸುವ ಸಾಹೇಬನಾದ. ೨೦೦೪ರಲ್ಲಿ ಕಲಬುರಗಿಯಲ್ಲಿ ಮೂರು ದಿನ ವಿದ್ಯುತ್ ವಸ್ತುಪ್ರದರ್ಶನ ನಡೆಯಿತು. ಅಕ್ಕಪಕ್ಕದ ಮಳಿಗೆಯವರು ಕೇಬಲ್ಲು, ಸೌರದೀಪ ತೋರಿಸುತ್ತಿದ್ದರೆ ಇವನು ಮೇಜು ಹಾಕಿಕೊಂಡು ಕೆಲಸ ಕೇಳಿ ಬಂದವರನ್ನು ಪರೀಕ್ಷೆ ಮಾಡುತ್ತಿದ್ದ.

ಎರಡನೆಯ ದಿನ ಆ ಸಾಲಿನಲ್ಲಿ ತುಕಾರಾಮ ಬಂದ. ತಲೆ ನರೆತಿತ್ತು. ಗುತ್ತಿಗೆದಾರ ಕೈಬಿಟ್ಟು ಆರು ತಿಂಗಳಾಗಿತ್ತಂತೆ. ಕಾಶಿರಾಯನ ಗುರುತು ಅವನಿಗೆ ಹತ್ತಲಿಲ್ಲ.

"ಲೈನ್ ಕ್ಲಿಯರ್ ಹ್ಯಾಂಗ ತಗೋತೀರಿ?" ಕಾಶಿರಾಯ ಕೇಳಿದ.

ತುಕಾರಾಮ ಗಿಣಿಪಾಠ ಒಪ್ಪಿಸಿದ. ಒಂದು ಅಕ್ಷರ ತಪ್ಪಲಿಲ್ಲ, ಹಾಳಾದವನು! ಅರ್ಜಿಯಲ್ಲಿ, ಕೈಕೆಳಗೆ ಅಪಘಾತವಾಗಿದೆಯೆ ಎಂಬಲ್ಲಿ, 'ಇಲ್ಲ' ಎಂದು ಬರೆದಿದ್ದ.

"ಕಮಲಾಪುರದಾಗ ಖಂಡೆಪ್ಪ ಅಂತ ಒಬ್ಬಾಂವ ಸತ್ತಿದ್ನಲ್ರೀ?"

ತುಕಾರಾಮ ಅರ್ಜಿ ಹಿಂದೆ ಎಳೆದುಕೊಳ್ಳಲು ಕೈ ಚಾಚಿದ.

"ಅಪಘಾತ ಆಗಿದ್ದಕ್ಕ ನಾವು ಯಾರನ್ನೂ ಬ್ಯಾಡ ಅನ್ನಂಗಿಲ್ರೀ, ಮುಚ್ಚಿಟ್ಟವರನ್ನ ಬ್ಯಾಡ ಅಂತೀವಿ. ಖರೇ ಬರೀರಿ, ಸೂಪರ್‌ವೈಜರ್ ಕೆಲಸ ನಿಮ್ದ."

ಹೊಟ್ಟೆ ಎಂಥವನನ್ನೂ ಬಗ್ಗಿಸುತ್ತದೆ. ತುಕಾರಾಮ ಅತ್ತಿತ್ತ ನೋಡಿ ಬರೆದ: ಲೈನ್ ಕ್ಲಿಯರ್ ತಂದಿರಲಿಲ್ಲ. ಖಂಡೆಪ್ಪ ಕುಡಿದಿರಲಿಲ್ಲ. ತಪ್ಪು ನನ್ನದು. ಕೆಳಗೆ ಸಹಿ ಹಾಕಿದ.

ಕಾಶಿರಾಯ ಕಾಗದ ಹಿಡಿದು ಎದ್ದು ನಿಂತ. ಸಾಲಿನಲ್ಲಿದ್ದ ನಲವತ್ತು ಜನ ಲೈನ್‌ಮನ್‌ಗಳ ಎದುರಿಗೆ ಅದನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದಿದ. "ಈ ಖಂಡೆಪ್ಪ ನಮ್ಮಣ್ಣ" ಎಂದ.

"ಸಾಹೇಬ್ರ, ಕೆಲಸಾ ಕೊಡ್ತೀನಿ ಅಂದಿದ್ರಿ..." ತುಕಾರಾಮ ಕೈ ಮುಗಿದ.

"ಕೊಟ್ಟೀನಿ, ತಗೋರಿ." ಕಾಶಿರಾಯ ನೇಮಕದ ಕಾಗದಕ್ಕೆ ಮೊಹರು ಒತ್ತಿ ಕೈಗಿಟ್ಟ. "ನಾಳಿ ಸಂಜಿತನಕ ಟೈಮ್ ಅದ. ಇವ್ರಾಗ ಎಂಟು ಮಂದಿ ಆರಿಸ್ಕೋರಿ. ನಿಮ್ಮ ಮಾತಿಗೆ ಯಾರು ಕಂಬ ಹತ್ತತಾರ, ಅವ್ರೇ ನಿಮ್ಮ ಗ್ಯಾಂಗು. ಸಿಗಲಿಲ್ಲಂದ್ರ ಕಾಗದ ರದ್ದು."

ತುಕಾರಾಮ ಹತ್ತಿರ ಹೋದಂತೆ ಸಾಲು ಹಿಂದೆ ಸರಿಯಿತು. ಹನ್ನೆರಡು ವರ್ಷ ತನ್ನ ಕೈಕೆಳಗೆ ದುಡಿದಿದ್ದ ನಬಿಸಾಬನ ಮುಂದೆ ನಿಂತು, "ನೀನರ ಬಾರೋ" ಎಂದ.

ನಬಿಸಾಬ್ ಮುಖ ಎತ್ತಲಿಲ್ಲ. "ಮನ್ಯಾಗ ಹೆಂಡ್ತಿ ಮಕ್ಕಳು ಅದಾರ್ರೀ."

ಮರುದಿನ ಸಂಜೆ ಮಳಿಗೆ ಬಿಚ್ಚುವತನಕ ತುಕಾರಾಮ ಆ ಕಾಗದ ಹಿಡಿದು ಕಂಡ ಕಂಡ ಲೈನ್‌ಮನ್‌ಗಳ ಕೈ ಹಿಡಿಯುತ್ತಲೇ ಇದ್ದ. ಕಾಶಿರಾಯ ಮೇಜಿನ ಹಿಂದೆ ಕೂತು ಅದನ್ನು ಕಣ್ಣು ತುಂಬ ನೋಡಿದ.